ಸ್ವರ ಎಲ್ಲಿ ನಿಲ್ಲಬೇಕು?

ಬೇಸ್ ಗಿಟಾರ್ ಕಲಿಯಲು ಶುರುಮಾಡಿ ಆರು ತಿಂಗಳೋ ವರ್ಷವೋ ಆದವರಿಗೆ ಮನೆಯವರು, ಗೆಳೆಯರು ಮೊದಲು ಕೇಳುವುದು ‘ಎಷ್ಟು ಹಾಡು ಬರುತ್ತೆ?’ ಎಂದು. ಅದರ ಹಿಂದೆಯೇ ‘ಸ್ಲ್ಯಾಪ್ ಮಾಡ್ತೀಯಾ?’ (ಹೆಬ್ಬೆರಳಿನಿಂದ ತಂತಿಗೆ ಬಡಿದು ನುಡಿಸ್ತೀಯಾ?) ಎಂಬ ಪ್ರಶ್ನೆ ಬರುತ್ತದೆ. ಎರಡೂ ಪ್ರಶ್ನೆಗಳಿಂದ ಈ ವಾದ್ಯಕ್ಕೆ ಅನ್ಯಾಯವಾಗುತ್ತಿದೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಹಾಡಿನ ಎಣಿಕೆ ಸುಲಭ, ಬೆರಳಿನ ವೇಗ ಕಣ್ಣಿಗೇ ಕಾಣುತ್ತದೆ. ಕಲಿಕೆ ನಿಜಕ್ಕೂ ಮುಂದೆ ಹೋಗಿದೆಯೇ ಎಂದು ತಿಳಿಯಲು ನಾನು ಗಮನಿಸುವುದು ಬೇರೆಯದನ್ನೇ: ಮೀಟಿದ ಸ್ವರವನ್ನು ಕಲಿಯುವವರು ಎಲ್ಲಿ ನಿಲ್ಲಿಸುತ್ತಾರೆ?

ಕ್ವೀನ್ ತಂಡದ ‘ಅನದರ್ ಒನ್ ಬೈಟ್ಸ್ ದ ಡಸ್ಟ್’ (1980) ಹೊಸಬರು ಬಹಳ ಬೇಗ ಕೈಹಾಕುವ ಹಾಡು. ಅದನ್ನು ಬರೆದವರೂ ಅದರಲ್ಲಿ ಬೇಸ್ ನುಡಿಸಿದವರೂ ಜಾನ್ ಡೀಕನ್. ಅತಿ ದಪ್ಪ ತಂತಿಯಾದ ‘ಇ’ ಮೇಲೆ ಮೂರು ಗಿಡ್ಡ ಏಟು, ಆಮೇಲೆ ಖಾಲಿ ಜಾಗ. ಬೆಂಗಳೂರಿನ ಕಾಲೇಜು ಹುಡುಗಿಯೊಬ್ಬಳು ಇದನ್ನು ನುಡಿಸುವುದನ್ನು ಮೊದಲ ಸಲ ಕೇಳಿದಾಗ ಒಂದು ಸ್ವರವೂ ತಪ್ಪಿರಲಿಲ್ಲ. ಆದರೆ ಮೊದಲ ಏಟಿನ ನಾದ ಎರಡನೆಯದಕ್ಕೆ, ಎರಡನೆಯದು ಮೂರನೆಯದಕ್ಕೆ ಅಂಟಿಕೊಂಡು ಎಲ್ಲವೂ ಒಂದೇ ಗುಂಯ್ ಎಂಬ ಸದ್ದಾಗಿತ್ತು. ಕೆಲವು ತಿಂಗಳ ನಂತರ ಮತ್ತೆ ಕೇಳಿದೆ. ವೇಗ ಅಷ್ಟೇ ಇತ್ತು, ಸ್ವರಗಳೂ ಅವೇ. ಈಗ ಅವಳ ಎಡಗೈ ಬೆರಳುಗಳು ಪ್ರತಿ ಏಟಾದ ಮೇಲೂ ತಂತಿಯ ಮೇಲೆ ಹಗುರವಾಗಿ ಒರಗಿ ನಾದವನ್ನು ಕತ್ತರಿಸುತ್ತಿದ್ದವು. ನಾಲ್ಕನೇ ಎಣಿಕೆಗೆ ಬೀಳುವ ಸ್ನೇರ್ ಡ್ರಮ್ಮಿನ ಏಟು ಆಗ ಮಾತ್ರ ನಿಚ್ಚಳವಾಗಿ ಕೇಳಿಸಿತು. ಹೊಸ ಹಾಡೊಂದನ್ನೂ ಕಲಿಯದ ಆ ಅವಧಿಯಲ್ಲಿ ಅವಳು ಬಹಳ ಮುಂದೆ ಬಂದಿದ್ದಳು. ಅವಳ ಮನೆಯವರಿಗೆ ಮಾತ್ರ ‘ಇನ್ನೂ ಅದೇ ಹಾಡಾ?’ ಎಂಬ ಬೇಸರವಿತ್ತು.

ಇಂಥ ಪ್ರಗತಿ ಕೇಳುವವರ ಗಮನಕ್ಕೆ ಬಾರದಿರಲು ಒಂದು ಭೌತಿಕ ಕಾರಣವೂ ಇದೆ. ಒತ್ತದೆ ಮೀಟಿದ ಇ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಅಷ್ಟು ತಗ್ಗಿನ ನಾದವನ್ನು ಹೊರಡಿಸುವ ಶಕ್ತಿ ಮೊಬೈಲ್ ಸ್ಪೀಕರಿಗಿಲ್ಲ. ಅದರಲ್ಲಿ ಕೇಳಿಸುವುದು ಮೇಲಿನ ಉಪಸ್ವರಗಳು ಮತ್ತು ಬೆರಳು ತಂತಿಗೆ ತಾಗಿದ ಟಕ್ ಸದ್ದು. ಸ್ವರ ಎಷ್ಟು ಹೊತ್ತು ನಿಂತಿತು, ಪಕ್ಕದ ತಂತಿ ತಾನಾಗಿ ಗುಂಯ್‌ಗುಟ್ಟಿತೇ ಎಂಬುದು ಅಲ್ಲಿ ಅರ್ಧಕ್ಕರ್ಧ ಅಳಿಸಿಹೋಗಿರುತ್ತದೆ. ಹಾಗಾಗಿ ಕಲಿಯುವವರು ಕಳಿಸಿದ ವಿಡಿಯೋವನ್ನು ಮೊಬೈಲಿನಲ್ಲೇ ಕೇಳಿ ‘ಸೂಪರ್’ ಎನ್ನುವುದೂ ಸರಿಯಲ್ಲ, ‘ಏನೂ ಕೇಳಿಸಲ್ಲ’ ಎನ್ನುವುದೂ ಸರಿಯಲ್ಲ. ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ಕೇಳಿದ ಮೇಲೆ ಅಭಿಪ್ರಾಯ ಹೇಳಬೇಕು.

ಕೈಯ ಭಂಗಿಯನ್ನೇ ಪ್ರಗತಿಯ ಅಳತೆ ಮಾಡುವ ಶಿಕ್ಷಕರೂ ಇದ್ದಾರೆ. ನಾಲ್ಕು ಬೆರಳಿಗೆ ನಾಲ್ಕು ಫ್ರೆಟ್ ಎಂಬ ನಿಯಮವನ್ನು ಮೊದಲ ವಾರದಿಂದಲೇ ಹೇರುತ್ತಾರೆ. ಲಿಯೋ ಫೆಂಡರ್ 1951ರಲ್ಲಿ ಹೊರತಂದ ಪ್ರಿಸಿಷನ್ ಬೇಸ್‌ನಿಂದ ಇಂದಿನವರೆಗೆ ಈ ವಾದ್ಯದ ಸಾಮಾನ್ಯ ತಂತಿಯುದ್ದ 34 ಇಂಚು. ಆ ಉದ್ದದಲ್ಲಿ ಮೊದಲನೇ ಫ್ರೆಟ್ಟಿನಿಂದ ನಾಲ್ಕನೆಯದಕ್ಕೆ ಐದು ಇಂಚಿನಷ್ಟು ಅಂತರ. ಸಣ್ಣ ಕೈಯವರು ಅಷ್ಟಗಲ ಬೆರಳು ಚಾಚಿದರೆ ಮಣಿಕಟ್ಟು ನೋಯುತ್ತದೆ, ಕಿರುಬೆರಳು ಸೋಲುತ್ತದೆ, ಸ್ವರ ಬುಸ್‌ಗುಡುತ್ತದೆ. ಡಬಲ್ ಬೇಸ್ ನುಡಿಸುವವರು ಬಹುಕಾಲದಿಂದ ಬಳಸಿಕೊಂಡು ಬಂದಂತೆ ತೋರು, ನಡು, ಕಿರುಬೆರಳುಗಳಲ್ಲಿ ಮೂರು ಫ್ರೆಟ್ ಹಿಡಿದು, ಬೇಕಾದಾಗ ಕೈಯನ್ನೇ ಸರಿಸುವುದು ಹೊಸಬರಿಗೆ ಎಷ್ಟೋ ಹಿತ. ಹಾಗೆ ನುಡಿಸಿದವರಿಗೆ ಅಂಕ ಕಳೆಯುವುದನ್ನು ನಾನು ಒಪ್ಪಲಾರೆ.

ಬಲಗೈಗೂ ಇದೇ ಮಾತು. ಡೆಟ್ರಾಯಿಟ್‌ನ ಮೋಟೌನ್ ಧ್ವನಿಮುದ್ರಿಕೆಗಳಿಗೆ ಬೆನ್ನೆಲುಬಾದ ಜೇಮ್ಸ್ ಜೇಮರ್ಸನ್ ಮೀಟುತ್ತಿದ್ದದ್ದು ತೋರುಬೆರಳೊಂದರಿಂದಲೇ. ಆ ಬೆರಳಿಗೆ ‘ದ ಹುಕ್’ ಎಂದೇ ಹೆಸರು. ತಂತಿಯ ನಾದ ಬೇಗ ಅಡಗಲೆಂದು ಅವರ ವಾದ್ಯದ ಬ್ರಿಡ್ಜ್ ಮುಚ್ಚಳದಡಿ ಸ್ಪಂಜು ಇತ್ತು. ಬೇಸ್ ವಾದಕಿ ಕರೋಲ್ ಕೇ ಬೆರಳು ಬಿಟ್ಟು ಪಿಕ್ ಹಿಡಿದರು. ಎರಡು ಬೆರಳು ಸರದಿಯಲ್ಲಿ ನಡೆಯಬೇಕೆಂಬ ಪಾಠ ಒಳ್ಳೆಯದೇ, ಮೊದಲ ವರ್ಷ ಅದನ್ನು ಕಲಿಯಬೇಕಾದದ್ದೇ. ಆದರೆ ಅದನ್ನು ಪರೀಕ್ಷಿಸಬೇಕಾದದ್ದು ಕಿವಿಯಿಂದ. ಎರಡು ಬೆರಳಿನ ಏಟುಗಳ ತೂಕ ಒಂದೇ ಸಮ ಕೇಳಿಸುತ್ತಿದೆಯೇ ಎಂದು ಕಣ್ಣು ಮುಚ್ಚಿ ಕೇಳಿದರೆ ಸಾಕು.

ಪಕ್ಕವಾದ್ಯವನ್ನು ಅಳೆಯುವ ಬಗೆ ನಮ್ಮ ಕಚೇರಿ ಕೇಳುಗರಿಗೆ ಹೊಸತಲ್ಲ. ಮೃದಂಗ ವಿದ್ವಾಂಸರ ತನಿ ಆವರ್ತನಕ್ಕೆ ಚಪ್ಪಾಳೆ ತಟ್ಟುವ ರಸಿಕರೇ ಮನೆಗೆ ಹೋಗುವಾಗ ಕೀರ್ತನೆಗೆ ಅವರು ನುಡಿಸಿದ ರೀತಿಯನ್ನು, ಚರಣದಲ್ಲಿ ಎಲ್ಲಿ ಕೈ ತಗ್ಗಿಸಿದರು ಎಂಬುದನ್ನು ಮಾತಾಡಿಕೊಳ್ಳುತ್ತಾರೆ. ಬೇಸ್ ಗಿಟಾರಿಗೆ ಬಂದಾಗ ಅದೇ ಕಿವಿಗಳು ತನಿಯನ್ನಷ್ಟೇ ಹುಡುಕುತ್ತವೆ. ಸಣ್ಣ ವಿಡಿಯೋಗಳ ಪ್ರಭಾವ ಇದರಲ್ಲಿ ದೊಡ್ಡದು. ಮುಂಬೈಯ ಮೋಹಿನಿ ಡೇ ಅವರ ಮಿಂಚಿನ ಕೈ ನೋಡಿ ಎಷ್ಟೋ ಮಕ್ಕಳು ಈ ವಾದ್ಯ ಹಿಡಿದಿದ್ದಾರೆ, ಅದು ಸಂತೋಷವೇ. ಆದರೆ ಮೋಹಿನಿ ಬೇಸ್ ವಾದಕ ತಂದೆಯ ಕೈಯಲ್ಲಿ ಎಳವೆಯಿಂದಲೇ ಕಲಿತವರು. ಆ ವೇಗವನ್ನು ಮೊದಲ ವರ್ಷದವರ ಮುಂದೆ ಅಳತೆಗೋಲಾಗಿ ಇಡಬಾರದು.

ವೇಗ ಪರೀಕ್ಷಿಸಲೇಬೇಕೆಂದರೆ ನಿಧಾನವನ್ನು ಪರೀಕ್ಷಿಸಬೇಕು. ನಿಮಿಷಕ್ಕೆ 120 ಬಡಿತದಲ್ಲಿ ಸಲೀಸಾಗಿ ನುಡಿಸುವ ಹುಡುಗ 60ಕ್ಕೆ ಇಳಿಸಿದ ಕೂಡಲೇ ಓಡತೊಡಗುತ್ತಾನೆ. ಎರಡು ಬಡಿತಗಳ ನಡುವಿನ ಅಗಲ ಅವನ ಮೈಯಲ್ಲಿ ಇನ್ನೂ ಕೂತಿರುವುದಿಲ್ಲ. ಸರಳೆ ವರಸೆಯನ್ನು ಮೂರು ಕಾಲದಲ್ಲಿ ಹೇಳಿಸುವ ಗುರುಗಳಿಗೆ ಮೊದಲ ಕಾಲದ ಕಷ್ಟ ಗೊತ್ತೇ ಇರುತ್ತದೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮೆಟ್ರೊನೋಮನ್ನು 40ಕ್ಕೆ ಇಟ್ಟು ಅದರ ಪ್ರತಿ ಬಡಿತವನ್ನೂ ಎರಡನೇ ಮತ್ತು ನಾಲ್ಕನೇ ಎಣಿಕೆಯೆಂದು ಭಾವಿಸಿ 80ರ ಲಯದಲ್ಲಿ ನುಡಿಸಲು ಹೇಳಿದರೆ, ಲಯ ಯಂತ್ರದಲ್ಲಿದೆಯೋ ಕಲಿಯುವವರಲ್ಲಿದೆಯೋ ಎಂಬುದು ಎಂಟು ಬಾರ್‌ಗಳಲ್ಲಿ ಗೊತ್ತಾಗುತ್ತದೆ.

ಗ್ರೇಡ್ ಪರೀಕ್ಷೆಗಳ ಬಗ್ಗೆ ನನಗೆ ಗೌರವವಿದೆ, ತಕರಾರೂ ಇದೆ. ಟ್ರಿನಿಟಿ ಕಾಲೇಜ್ ಲಂಡನ್ನಿನ ರಾಕ್ ಅಂಡ್ ಪಾಪ್ ಪರೀಕ್ಷೆಯಲ್ಲಿ ಮೂರು ಹಾಡಿಗೆ 25, 25, 30 ಅಂಕ, ಸೆಷನ್ ಸ್ಕಿಲ್ಸ್ ಎಂಬ ಭಾಗಕ್ಕೆ 20. ಅರವತ್ತು ಬಂದರೆ ಪಾಸು. ಒಂಟಿಯಾಗಿ ಸ್ಕೇಲ್ ಒಪ್ಪಿಸುವ ಬದಲು ಇಡೀ ಹಾಡು ನುಡಿಸಬೇಕೆಂಬುದು ಬಹಳ ಒಳ್ಳೆಯ ಏರ್ಪಾಡು. ಕೊರತೆ ಇರುವುದು ಜೊತೆಗಾರನಲ್ಲಿ. ಸಾಮಾನ್ಯವಾಗಿ ಮಕ್ಕಳು ನುಡಿಸುವುದು ಮೊದಲೇ ಮುದ್ರಿಸಿದ ಟ್ರ್ಯಾಕಿನೊಂದಿಗೆ. ಆ ಟ್ರ್ಯಾಕ್ ತಪ್ಪುವುದಿಲ್ಲ, ತಡವರಿಸುವುದಿಲ್ಲ, ಇವರ ಕಡೆ ತಿರುಗಿ ನೋಡುವುದೂ ಇಲ್ಲ. ನಿಜವಾದ ಡ್ರಮ್ಮರ್ ಕೋರಸ್ ಬಂದಾಗ ತುಸು ಬಿಗಿಯುತ್ತಾನೆ, ಗಾಯಕಿ ಒಂದು ಸಾಲು ಮೊದಲೇ ಎತ್ತಿಕೊಳ್ಳುತ್ತಾಳೆ. ಆಗ ಹಾಡನ್ನು ಹಿಡಿದು ನಿಲ್ಲಿಸಬೇಕಾದದ್ದು ಬೇಸ್. ಮೂರೇ ಹಾಡುಗಳನ್ನು ವರ್ಷವಿಡೀ ಉಜ್ಜಿ ಡಿಸ್ಟಿಂಕ್ಷನ್ ತೆಗೆದವರು ಈ ಗಳಿಗೆಯಲ್ಲಿ ಕಂಗಾಲಾಗುವುದನ್ನು ನೋಡಿದ್ದೇನೆ. ತಪ್ಪು ಅವರದಲ್ಲ, ಅವರನ್ನು ಯಾರೂ ಅಲ್ಲಿಗೆ ಕರೆದೊಯ್ದಿರಲಿಲ್ಲ.

ಕಿವಿಯ ಪರೀಕ್ಷೆ ಇದಕ್ಕಿಂತ ಸುಲಭ, ಖರ್ಚೂ ಇಲ್ಲ. ಶಂಕರ್‌ನಾಗ್ ಅವರ ‘ಗೀತಾ’ (1981) ಚಿತ್ರಕ್ಕೆ ಇಳಯರಾಜ ಮಾಡಿದ ಹಾಡುಗಳಲ್ಲಿ ಒಂದನ್ನು ಹಾಕಿ, ವಾದ್ಯ ಮುಟ್ಟದೆ ಕೆಳಗಿನ ಬೇಸ್ ಸಾಲನ್ನಷ್ಟೇ ಗುನುಗಲು ಹೇಳಿ. ಶುರುವಿನಲ್ಲಿ ಎಲ್ಲರೂ ಎಸ್ಪಿಬಿ, ಜಾನಕಿಯವರ ಹಿಂದೆಯೇ ಹೋಗಿಬಿಡುತ್ತಾರೆ. ಒಂದು ದಿನ ಆ ಕೆಳಗಿನ ಸಾಲು ಬಾಯಿಗೆ ಬರುತ್ತದೆ. ಅಂದಿನಿಂದ ಅವರು ಸಂಗೀತ ಕೇಳುವ ರೀತಿಯೇ ಬದಲಾಗಿರುತ್ತದೆ, ಕೈ ನಿಧಾನವಾಗಿ ಕಿವಿಯ ಹಿಂದೆ ಬರುತ್ತದೆ.

ನನ್ನ ಲೆಕ್ಕದಲ್ಲಿ, ಒಂದು ವರ್ಷ ಕಲಿತವರು ಹಿಂದೆಂದೂ ನುಡಿಸದ ಹಾಡಿನ ಕಾರ್ಡ್ ಹಾಳೆಯನ್ನು, ಜಿ, ಡಿ, ಇ ಮೈನರ್, ಸಿ ಎಂದಷ್ಟೇ ಬರೆದದ್ದನ್ನು, ಮುಂದಿಟ್ಟುಕೊಂಡು ಆಧಾರಸ್ವರಗಳನ್ನು ಡ್ರಮ್ಮರ್ ಜೊತೆ ಕೊನೆಯವರೆಗೆ ನಿಲ್ಲದೆ ನುಡಿಸಿದರೆ ಅವರು ಪಾಸು. ನಡುವೆ ಒಂದು ಸ್ವರ ತಪ್ಪಿ, ಮುಂದಿನ ಬಾರ್‌ನ ಮೊದಲ ಎಣಿಕೆಗೆ ಸರಿಯಾಗಿ ಬಂದು ಸೇರಿದರೆ ನಾನು ಹೆಚ್ಚೇ ಅಂಕ ಕೊಡುತ್ತೇನೆ. ತಪ್ಪಿದ್ದಕ್ಕೆ ನಿಲ್ಲಿಸಿ ಮತ್ತೆ ಮೊದಲಿನಿಂದ ಶುರುಮಾಡುವವರು, ಬೆರಳು ಎಷ್ಟೇ ಚುರುಕಾಗಿದ್ದರೂ, ಇನ್ನೂ ಒಬ್ಬರೇ ನುಡಿಸುತ್ತಿದ್ದಾರೆಂದೇ ಅರ್ಥ.

ಮಕ್ಕಳನ್ನು ಬೇಸ್ ತರಗತಿಗೆ ಕಳಿಸುವ ತಂದೆತಾಯಂದಿರಲ್ಲಿ, ಪಾಠ ಹೇಳುವವರಲ್ಲಿ ನನ್ನ ಕೋರಿಕೆ ಒಂದೇ. ಆರು ತಿಂಗಳೊಳಗೆ ಕಲಿಯುವವರನ್ನು ಒಬ್ಬ ಡ್ರಮ್ಮರ್ ಪಕ್ಕದಲ್ಲಿ ಕೂರಿಸಿ. ಅವರಷ್ಟೇ ಹೊಸಬರಾದ ಡ್ರಮ್ಮರ್ ಆದರೂ ಆದೀತು.