ಬೆಲೆ ಕಂಡುಹಿಡಿಯುವ ಮೊದಲು

ಒಂದು ಚಿಕ್ಕ ಲೆಕ್ಕದಿಂದ ಆರಂಭಿಸೋಣ. ಚರಾಕ್ಷರವನ್ನು ‘ಯ’ ಎಂದು ಕರೆಯೋಣ. 1/ಯ² ಎಂಬ ಉತ್ಪನ್ನವನ್ನು –1ರಿಂದ +1ರವರೆಗೆ ಅನುಕಲಿಸಬೇಕು. ಪಿಯುಸಿ ವಿದ್ಯಾರ್ಥಿಗೂ ಗೊತ್ತಿರುವ ಸೂತ್ರದ ಪ್ರಕಾರ ಅನುಕಲ –1/ಯ. ಮೇಲಿನ ಎಲ್ಲೆಯನ್ನು ಹಾಕಿದರೆ –1, ಕೆಳಗಿನ ಎಲ್ಲೆಯನ್ನು ಹಾಕಿದರೆ +1. ಮೊದಲನೆಯದರಿಂದ ಎರಡನೆಯದನ್ನು ಕಳೆಯಿರಿ: ಉತ್ತರ –2. ಹಂತಗಳೆಲ್ಲ ಸರಿಯಾಗಿಯೇ ಕಾಣುತ್ತವೆ. ಆದರೆ 1/ಯ² ಎಲ್ಲಿಯೂ ಋಣವಾಗದು. ಅದರ ನಕ್ಷೆ ಉದ್ದಕ್ಕೂ ಅಕ್ಷದ ಮೇಲುಗಡೆಯೇ ಇದೆ. ಹಾಗಿದ್ದರೆ ಅದರ ಅಡಿಯ ವಿಸ್ತೀರ್ಣ ಋಣವಾದದ್ದು ಹೇಗೆ?

ಈ ಪ್ರಶ್ನೆ ನನ್ನದಲ್ಲ. ಅಧ್ಯಾಪಕ ವೃತ್ತಿಗೆ ಬಂದ ಹೊಸತರಲ್ಲಿ ನಾನೇ ಕರಿಹಲಗೆಯ ಮೇಲೆ ಈ –2 ಬರೆದು ಮುಂದಿನ ಲೆಕ್ಕಕ್ಕೆ ಹೊರಟಿದ್ದೆ. ಹಿಂದಿನ ಬೆಂಚಿನಿಂದ ಒಬ್ಬ ವಿದ್ಯಾರ್ಥಿನಿ, “ಸರ್, ವಿಸ್ತೀರ್ಣ ಮೈನಸ್ ಹೇಗೆ ಬಂತು?” ಎಂದಳು. ನಾಳೆ ಹೇಳುತ್ತೇನೆ ಎಂದು ಪಾರಾದೆ. ಮನೆಗೆ ಬಂದು ನೋಡಿದರೆ ಉತ್ತರ ಸರಳ. ಸೊನ್ನೆಯ ಬಳಿ ಉತ್ಪನ್ನ ಅನಂತಕ್ಕೆ ಏರುತ್ತದೆ. 0ಯಿಂದ 1ರವರೆಗಿನ ಭಾಗವೊಂದರ ವಿಸ್ತೀರ್ಣವೇ ಅನಂತ. ನಾನು ಇಲ್ಲದ ವಸ್ತುವಿಗೆ ಬೆಲೆ ಕಟ್ಟಿದ್ದೆ.

ಎಲ್ಲೆ ಅನಂತವಾಗಿರುವ, ಇಲ್ಲವೇ ನಡುವೆ ಎಲ್ಲೋ ಉತ್ಪನ್ನವೇ ಅನಂತಕ್ಕೆ ಏರುವ ಇಂಥವನ್ನು ಇಂಪ್ರಾಪರ್ ಅನುಕಲಗಳು ಎನ್ನುತ್ತಾರೆ. (‘ಅನುಚಿತ’ ಎಂದರೆ ಪಾಪ, ಅವು ಏನೋ ಅಪರಾಧ ಮಾಡಿದಂತೆ ಕೇಳಿಸುತ್ತದೆ, ಇಂಗ್ಲಿಷ್ ಹೆಸರೇ ಇರಲಿ.) ಈ ಒಂದು ಅಧ್ಯಾಯಕ್ಕಾಗಿಯೇ ಈಚೆಗೆ ಪದವಿ ತರಗತಿಯ ನಾಲ್ಕಾರು ಕಲನಶಾಸ್ತ್ರ ಪುಸ್ತಕಗಳನ್ನು ಓದಿದೆ. ಹೆಸರುಗಳು ಬೇಡ, ಏಕೆಂದರೆ ದೋಷ ಎಲ್ಲದರಲ್ಲೂ ಒಂದೇ ಬಗೆಯದು. ವ್ಯಾಖ್ಯೆಗೆ ಅರ್ಧ ಪುಟ, ಬಿಡಿಸಿ ತೋರಿಸಿದ ಎರಡು ಮೂರು ಲೆಕ್ಕ, ಅನಂತರ ‘ಬೆಲೆ ಕಂಡುಹಿಡಿಯಿರಿ’ ಎಂಬ ಶೀರ್ಷಿಕೆಯ ಕೆಳಗೆ ಉದ್ದನೆಯ ಅಭ್ಯಾಸ. ಅಭ್ಯಾಸದ ಬಹುತೇಕ ಲೆಕ್ಕಗಳಿಗೆ ಅಂದವಾದ ಉತ್ತರ ಉಂಟು. ಅನುಕಲ ಅಭಿಸರಿಸುತ್ತದೆಯೇ, ಅಂದರೆ ಎಲ್ಲೆಯನ್ನು ದೂರ ಸರಿಸುತ್ತ ಹೋದಂತೆ ಒಂದು ನಿಶ್ಚಿತ ಸಂಖ್ಯೆಯತ್ತ ಸಾಗುತ್ತದೆಯೇ ಎಂಬ ವಿಚಾರ ಬೇರೊಂದು ಸೆಮಿಸ್ಟರಿನಲ್ಲಿ, ಬೇರೊಂದು ಪತ್ರಿಕೆಯಲ್ಲಿ, ಅನೇಕ ವೇಳೆ ಬೇರೊಬ್ಬ ಅಧ್ಯಾಪಕರಿಂದ ಬರುತ್ತದೆ. ಅಷ್ಟರಲ್ಲಿ ಹುಡುಗರು ಅನಂತವನ್ನು ಒಂದು ಸಂಖ್ಯೆಯೆಂಬಂತೆ ಸೂತ್ರಕ್ಕೆ ತುಂಬುವುದನ್ನು ಚೆನ್ನಾಗಿ ರೂಢಿಸಿಕೊಂಡಿರುತ್ತಾರೆ.

ಇದು ಗಣಿತಜ್ಞರ ಮಡಿವಂತಿಕೆ, ನಮಗೇಕೆ ಎಂದು ಭೌತವಿಜ್ಞಾನದವರು ಹೇಳುವುದುಂಟು. ಹಾಗಲ್ಲ. ನಾನು ಪಾಠ ಮಾಡುವ ವಿಷಯದಲ್ಲೇ ಬೆಲೆಗಿಂತ ಅಭಿಸರಣವೇ ಹೆಚ್ಚು ಹೇಳುವ ಸಂದರ್ಭಗಳಿವೆ.

ವಿಮೋಚನ ವೇಗವನ್ನು ತೆಗೆದುಕೊಳ್ಳಿ. ಭೂಮಿಯ ಮೇಲ್ಮೈಯಿಂದ ಅನಂತ ದೂರಕ್ಕೆ ಒಂದು ಕಲ್ಲನ್ನು ಒಯ್ಯಲು ಮಾಡಬೇಕಾದ ಕೆಲಸ ಒಂದು ಇಂಪ್ರಾಪರ್ ಅನುಕಲ. ಗುರುತ್ವಬಲ ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುವುದರಿಂದ ಅದು ಅಭಿಸರಿಸುತ್ತದೆ, ಸೆಕೆಂಡಿಗೆ 11.2 ಕಿಲೋಮೀಟರ್ ಎಂಬ ಸಂಖ್ಯೆ ದೊರೆಯುತ್ತದೆ. ಬಲ ಬರೀ ದೂರಕ್ಕೆ ವಿಲೋಮವಾಗಿದ್ದರೆ? ಆಗ ಅನುಕಲ ಲಾಗರಿತಮ್ ಆಗಿ ನಿಧಾನವಾಗಿ, ಆದರೆ ತಡೆಯಿಲ್ಲದೆ ಬೆಳೆಯುತ್ತದೆ. ಎಷ್ಟೇ ವೇಗದಿಂದ ಎಸೆದರೂ ಕಲ್ಲು ಮರಳಿ ಬಂದೀತು. ವಿಮೋಚನ ವೇಗ ಎಂಬ ಮಾತಿಗೇ ಅರ್ಥವಿರದು. ಈ ಲಾಗರಿತಮ್ ಬಹಳ ಮೋಸಗಾರ. 1/ಯ ಉತ್ಪನ್ನವನ್ನು 1ರಿಂದ ಹತ್ತು ಸಾವಿರದವರೆಗೆ ಅನುಕಲಿಸಿದರೆ 9.21, ಹತ್ತು ಲಕ್ಷದವರೆಗೆ 13.82. ಒಂದರ ಮುಂದೆ 80 ಸೊನ್ನೆ ಇಟ್ಟಷ್ಟು ದೂರ ಹೋದರೂ ಸುಮಾರು 184 ಮಾತ್ರ. ಕಂಪ್ಯೂಟರಿನಲ್ಲಿ ಒಂದು ದೊಡ್ಡ ಎಲ್ಲೆ ಹಾಕಿ, ಬಂದ ಸಂಖ್ಯೆಯನ್ನೇ ಉತ್ತರವೆಂದು ನಂಬುವವರು ಇದನ್ನು ನೆನಪಿಡಬೇಕು.

ಇದಕ್ಕಿಂತ ಸ್ವಾರಸ್ಯವಾದದ್ದು ಕಪ್ಪುಕಾಯದ ವಿಕಿರಣ. 1900ರಲ್ಲಿ ಪ್ಲಾಂಕ್ ಕೊಟ್ಟ ಸೂತ್ರದಿಂದ ಒಟ್ಟು ಶಕ್ತಿಯನ್ನು ಪಡೆಯಲು ಎಲ್ಲ ಆವೃತ್ತಿಗಳ ಮೇಲೆ, ಸೊನ್ನೆಯಿಂದ ಅನಂತದವರೆಗೆ ಅನುಕಲಿಸಬೇಕು. ಚರವನ್ನು ಬದಲಿಸಿದರೆ ತಾಪದ ನಾಲ್ಕನೆಯ ಘಾತ ಹೊರಗೆ ಬರುತ್ತದೆ. ಒಳಗೆ ಉಳಿಯುವುದು ಅಂಶದಲ್ಲಿ ಯ³, ಛೇದದಲ್ಲಿ ಘಾತೀಯ ಉತ್ಪನ್ನದಿಂದ 1 ಕಳೆದದ್ದು. ಅದರ ಬೆಲೆ ಪೈನ ನಾಲ್ಕನೆಯ ಘಾತದ ಹದಿನೈದನೆಯ ಒಂದು ಭಾಗ, ಸುಮಾರು 6.49. ನಮ್ಮ ವಿದ್ಯಾರ್ಥಿಗಳು ಇದನ್ನು ಬಾಯಿಪಾಠ ಮಾಡುತ್ತಾರೆ. ಆದರೆ ಸ್ಟೆಫಾನ್ ನಿಯಮಕ್ಕೆ ಈ ಬೆಲೆ ಬೇಕೇ ಇಲ್ಲ! ಅನುಕಲ ಅಭಿಸರಿಸುತ್ತದೆ ಎಂದು ಗೊತ್ತಾದರೆ ಸಾಕು. ಶಕ್ತಿ ತಾಪದ ನಾಲ್ಕನೆಯ ಘಾತಕ್ಕೆ ಅನುಪಾತದಲ್ಲಿದೆ ಎಂಬುದು ಅಲ್ಲಿಗೇ ಸಿದ್ಧಿಸಿತು. ಅದನ್ನು ಪರೀಕ್ಷಿಸಲು ಅರ್ಧ ನಿಮಿಷ ಸಾಕು. ಸೊನ್ನೆಯ ಬಳಿ ಛೇದ ಹೆಚ್ಚುಕಡಮೆ ಯ ಆಗಿರುವುದರಿಂದ ಒಟ್ಟು ಯ²ನಂತೆ ವರ್ತಿಸುತ್ತದೆ, ತೊಂದರೆಯಿಲ್ಲ. ದೂರದ ತುದಿಯಲ್ಲಿ ಘಾತೀಯ ಉತ್ಪನ್ನ ಎಲ್ಲವನ್ನೂ ಹತ್ತಿಕ್ಕುತ್ತದೆ.

ಈಗ ರ‍್ಯಾಲೆ–ಜೀನ್ಸ್ ಸೂತ್ರಕ್ಕೆ ಅದನ್ನೇ ಮಾಡಿ ನೋಡಿ. ಅಲ್ಲಿ ಅನುಕಲಿಸಬೇಕಾದದ್ದು ತಾಪ ಗುಣಿಸು ಆವೃತ್ತಿಯ ವರ್ಗ. ಚರವನ್ನು ನಿಮಗೆ ಬೇಕಾದಂತೆ ಬದಲಿಸಿ, ತಾಪದ ಮೊದಲನೆಯ ಘಾತ, ನಾಲ್ಕನೆಯದು, ಏಳನೆಯದು, ಯಾವುದು ಬೇಕೋ ಅದನ್ನು ಹೊರಗೆ ತರಬಹುದು. ಪ್ರತಿ ಸಲವೂ ಜೊತೆಗೆ ಒಂದು ಅನಂತ ಅಂಟಿಕೊಂಡಿರುತ್ತದೆ. ಇಲ್ಲದ ಅನುಕಲದಿಂದ ಯಾವ ನಿಯಮವನ್ನಾದರೂ ‘ಸಾಧಿಸಬಹುದು’. ಎರೆನ್‌ಫೆಸ್ಟ್ 1911ರಲ್ಲಿ ಅತಿನೇರಳೆ ವಿಪತ್ತು ಎಂದು ಹೆಸರಿಟ್ಟದ್ದು ಈ ಅನಂತಕ್ಕೇ.

ಇನ್ನೊಂದು ಉದಾಹರಣೆಯನ್ನು ಬಿಟ್ಟುಬಿಡಲು ಮನಸ್ಸಾಗದು, ಅದರಲ್ಲಿ ನಮ್ಮ ಸತ್ಯೇಂದ್ರನಾಥ ಬೋಸರ ಹೆಸರೂ ಇದೆ. ಬೋಸರ 1924ರ ಲೇಖನದ ಬೆನ್ನಿಗೇ ಐನ್‌ಸ್ಟೈನ್ ಅನಿಲವೊಂದರ ಕಣಗಳು ಕನಿಷ್ಠ ಶಕ್ತಿಸ್ಥಿತಿಗೆ ಗುಂಪಾಗಿ ಇಳಿಯಬಹುದೆಂದು ತೋರಿಸಿದರು. ಉಳಿದ ಸ್ಥಿತಿಗಳು ಎಷ್ಟು ಕಣಗಳನ್ನು ಹಿಡಿದಾವು ಎಂಬ ಲೆಕ್ಕ ಒಂದು ಇಂಪ್ರಾಪರ್ ಅನುಕಲ. ಮೂರು ಆಯಾಮಗಳಲ್ಲಿ ಅದು ಸೊನ್ನೆಯ ಬಳಿ ಯನ ವರ್ಗಮೂಲದ ವಿಲೋಮದಂತೆ ನಡೆದುಕೊಳ್ಳುತ್ತದೆ. ಆದ್ದರಿಂದ ಅಭಿಸರಿಸುತ್ತದೆ, ಜಾಗ ಸೀಮಿತ, ಹೆಚ್ಚಾದ ಕಣಗಳು ಕೆಳಗಿಳಿಯಲೇಬೇಕು. 1995ರಲ್ಲಿ ರುಬಿಡಿಯಮ್ ಪರಮಾಣುಗಳಲ್ಲಿ ಇದನ್ನು ಕಂಡರು. ಎರಡೇ ಆಯಾಮಗಳ ಏಕರೂಪದ ಆದರ್ಶ ಅನಿಲವಾದರೆ ಸೊನ್ನೆಯ ಬಳಿ ಸಿಗುವುದು 1/ಯ. ಅನುಕಲ ಅನಂತ, ಮೇಲಿನ ಸ್ಥಿತಿಗಳಲ್ಲೇ ಎಲ್ಲ ಕಣಗಳಿಗೂ ಜಾಗವಿದೆ, ಸಾಂದ್ರೀಕರಣವಿಲ್ಲ. ಯಾವ ಬೆಲೆಯನ್ನೂ ಲೆಕ್ಕ ಹಾಕದೆ ಇಷ್ಟು ತಿಳಿಯಿತು.

ಇದಕ್ಕೆಲ್ಲ ಬೇಕಾದ ಸಾಮಗ್ರಿ ಅಲ್ಪ. ಅನಂತದ ತುದಿಯಲ್ಲಿ ಉತ್ಪನ್ನ 1/ಯಗಿಂತ ಹೆಚ್ಚಿನ ಘಾತದಲ್ಲಿ ಕುಗ್ಗಬೇಕು. ಸೊನ್ನೆಯ ತುದಿಯಲ್ಲಿ 1/ಯಗಿಂತ ಕಡಿಮೆ ಘಾತದಲ್ಲಿ ಏರಬೇಕು. 1/ಯ ಎರಡೂ ಕಡೆ ಸೋಲುವ ಗಡಿ. ವಿದ್ಯಾರ್ಥಿಗಳು ಈ ಎರಡು ಷರತ್ತುಗಳನ್ನು ಅದಲುಬದಲು ಮಾಡುವುದು ನಿತ್ಯದ ಅನುಭವ, ಏಕೆಂದರೆ ನಕ್ಷೆ ಬರೆಯದೆ ಉರು ಹೊಡೆದಿರುತ್ತಾರೆ. ಗ್ಯಾಮಾ ಉತ್ಪನ್ನದ ಪಾಠದಲ್ಲೂ ಇದೇ ಕತೆ: ಅರ್ಧಕ್ಕೆ ಅದರ ಬೆಲೆ ಪೈನ ವರ್ಗಮೂಲ ಎಂದು ಥಟ್ಟನೆ ಹೇಳುವವರು, ಸೊನ್ನೆಗೆ ಏಕೆ ಬೆಲೆಯಿಲ್ಲ ಎಂದರೆ ತಬ್ಬಿಬ್ಬಾಗುತ್ತಾರೆ. ಅಲ್ಲೂ ಅದೇ 1/ಯ ಕುಳಿತಿದೆ.

ಈ ಹೋಲಿಕೆಯ ವಿಧಾನ ಎಲ್ಲಕ್ಕೂ ಸಾಲದು. ಸೈನ್ ಯ ಭಾಗಿಸು ಯ ಎಂಬುದರ ಅನುಕಲ ಸೊನ್ನೆಯಿಂದ ಅನಂತದವರೆಗೆ ಪೈನ ಅರ್ಧ. ಆದರೆ ಋಣ ಭಾಗಗಳನ್ನೆಲ್ಲ ಧನ ಮಾಡಿ ಕೂಡಿದರೆ ಅನಂತ. ಏರಿಳಿತಗಳು ಒಂದನ್ನೊಂದು ಕಳೆಯುವುದರಿಂದಷ್ಟೇ ಅದು ಬದುಕಿದೆ. ಹಾರ್ಡಿ 1909ರಲ್ಲಿ ಇದೊಂದೇ ಅನುಕಲದ ಹಲವು ಸಾಧನೆಗಳನ್ನು ಸಾಲಾಗಿಟ್ಟು, ಪರೀಕ್ಷಕನಂತೆ ಅಂಕ ಹಾಕಿ ತೂಗಿ ನೋಡಿದ್ದ. ಪಠ್ಯಪುಸ್ತಕ ಬರೆಯುವವರು ಆ ಚಿಕ್ಕ ಲೇಖನವನ್ನು ಓದಬೇಕು.

ಕೆಲವು ವರ್ಷಗಳಿಂದ ನನ್ನ ಕಿರುಪರೀಕ್ಷೆಗಳಲ್ಲಿ ಐದು ಅನುಕಲಗಳನ್ನು ಕೊಟ್ಟು, ‘ಯಾವುದಕ್ಕೆ ಬೆಲೆ ಇದೆ? ಬೆಲೆ ಕಂಡುಹಿಡಿಯಬೇಡಿ’ ಎಂದು ಕೇಳುತ್ತೇನೆ. ಮೊದಲ ಸಲ ಒಬ್ಬ ಹುಡುಗ ಎದ್ದು ನಿಂತು, “ಸರ್, ಮತ್ತೆ ಉತ್ತರ ಅಂತ ಏನು ಬರೆಯೋದು?” ಎಂದಿದ್ದ. ನಿಮಗೂ ಅದರಿಂದ ಒಂದು ಕೊಡುತ್ತೇನೆ. ಅಂಶ 1, ಛೇದ ಯನ ವರ್ಗಮೂಲ ಗುಣಿಸು (1+ಯ), ಎಲ್ಲೆ ಸೊನ್ನೆಯಿಂದ ಅನಂತ. ಎರಡೂ ತುದಿಗಳನ್ನು ನೋಡಿ ತೀರ್ಮಾನ ಹೇಳಿ. ಆಮೇಲೆ ಆವರಣದೊಳಗಿನ ಕೂಡುವ ಚಿಹ್ನೆಯನ್ನು ಕಳೆಯುವ ಚಿಹ್ನೆಯಾಗಿ ಬದಲಿಸಿ, ಮತ್ತೊಮ್ಮೆ ನೋಡಿ. ಈ ಸಲ ತುದಿಗಳನ್ನಷ್ಟೇ ನೋಡಿದರೆ ಸಾಲದು.