ಕರ್ಣನ ಮಗನ ಸರದಿ

ಕುಮಾರವ್ಯಾಸನಿಗೆ ವೀರರು ಸಿಕ್ಕರು, ಲಕ್ಷ್ಮೀಶನಿಗೆ ಅವರ ಮಕ್ಕಳು ಸಿಕ್ಕರು ಎಂಬರ್ಥದ ಮಾತು ಕನ್ನಡ ವಿಮರ್ಶೆಯಲ್ಲಿ ಬಹುಕಾಲದಿಂದ ಓಡಾಡುತ್ತಿದೆ. ಲಕ್ಷ್ಮೀಶನ ‘ಜೈಮಿನಿ ಭಾರತ’ ಕಿವಿಗೆ ಇಂಪು, ಎದೆಗೆ ಹಗುರ. ಭೀಷ್ಮ, ದ್ರೋಣ, ಕರ್ಣರು ಮಡಿದ ಮೇಲೆ ಮಿಕ್ಕ ಹುಡುಗರನ್ನು ಕಟ್ಟಿಕೊಂಡು ಕವಿ ಯಾಗದ ಕುದುರೆಯ ಹಿಂದೆ ಊರೂರು ಅಲೆದಿದ್ದಾನೆ. ಹೀಗೆಂದು ಪೀಠಿಕೆಗಳು ಹೇಳಿದವು, ಗೈಡುಗಳು ಅದನ್ನು ಎತ್ತಿಕೊಂಡವು, ಮೂಲವನ್ನು ತೆರೆಯದವರೂ ಅದನ್ನೇ ಒಪ್ಪಿಸುತ್ತ ಬಂದರು. ವಿಚಿತ್ರವೆಂದರೆ, ಹಳೆಯ ಸೂಪರ್‌ಹೀರೋಗಳ ಹೆಸರನ್ನೂ ಗುರುತನ್ನೂ ಹದಿಹರೆಯದವರಿಗೆ ವಹಿಸಿಕೊಡುವ ಅಮೆರಿಕದ ಕಾಮಿಕ್ಸ್ ಪುಸ್ತಕಗಳ ಮೇಲೂ ಕಳೆದ ದಶಕದಲ್ಲಿ ಅಕ್ಷರಶಃ ಇದೇ ಆಪಾದನೆ ಬಂದಿದೆ: ಅಸಲಿ ನಾಯಕರು ಮುಗಿದರು, ಇವರು ಅವರ ಅಂಗಿ ತೊಟ್ಟ ಮರಿಗಳು ಎಂದು. ಎರಡೂ ಕಡೆ ತೀರ್ಪುಗಾರರು ಉತ್ತರಾಧಿಕಾರಿಯ ಎತ್ತರವನ್ನು ಹಿಂದಿನವನ ಪಕ್ಕದಲ್ಲಿ ನಿಲ್ಲಿಸಿ ಅಳೆಯುತ್ತಾರೆ. ಅವನ ಹೆಗಲ ಮೇಲಿರುವ ಋಣ ಎಂಥದು ಎಂದು ಕೇಳುವ ತೊಂದರೆಯನ್ನು ತೆಗೆದುಕೊಳ್ಳುವುದಿಲ್ಲ.

ಆ ಋಣದ ಪ್ರಶ್ನೆಯನ್ನು ಕನ್ನಡದಲ್ಲಿ ಅತ್ಯಂತ ತೀಕ್ಷ್ಣವಾಗಿ ಎತ್ತುವ ಪಾತ್ರ ವೃಷಕೇತು. ಕುಮಾರವ್ಯಾಸ ಹತ್ತು ಪರ್ವಗಳನ್ನು ಹೇಳಿ, ಗದಾಪರ್ವದಲ್ಲಿ ದುರ್ಯೋಧನನನ್ನು ಕೆಡವಿ, ಕಾವ್ಯವನ್ನು ಮುಗಿಸುತ್ತಾನೆ. ಮುಂದಿನ ಪರ್ವಗಳನ್ನು ಕೃಷ್ಣದೇವರಾಯನ ಕಾಲದ ತಿಮ್ಮಣ್ಣ ಕವಿ ಪೂರೈಸಿದನಾದರೂ, ಯುದ್ಧಾನಂತರದ ಕತೆ ಜನರ ಬಾಯಲ್ಲಿ ನಿಂತದ್ದು ಕಡೂರು ಸೀಮೆಯ ದೇವನೂರಿನ ಲಕ್ಷ್ಮೀಶನಿಂದ. ಅವನ 34 ಸಂಧಿಗಳ ಕಾವ್ಯ ಆರಂಭವಾಗುವುದೇ ಧರ್ಮರಾಯನ ದುಗುಡದಿಂದ: ಬಂಧುಗಳನ್ನು ಕೊಂದ ಪಾಪ ತೊಳೆಯಲು ಅಶ್ವಮೇಧವಾಗಬೇಕು, ಅದಕ್ಕೆ ತಕ್ಕ ಕುದುರೆ ಭದ್ರಾವತಿಯ ಯೌವನಾಶ್ವನಲ್ಲಿದೆ, ಅದನ್ನು ತರುವವರು ಯಾರು? ಭೀಮ ಎದ್ದು ನಿಲ್ಲುತ್ತಾನೆ. ಅವನ ಬೆನ್ನಿಗೆ ಎದ್ದು ನಿಲ್ಲುವವನು ಕರ್ಣನ ಮಗ ವೃಷಕೇತು.

ಈ ಸನ್ನಿವೇಶದ ಮುಂದೆ ಪೀಠಿಕೆಕಾರರು ತುಸು ಹೊತ್ತು ನಿಂತಿದ್ದರೆ ಸಾಕಿತ್ತು. ಕರ್ಣ ತಮ್ಮ ಅಣ್ಣನೆಂದು ಪಾಂಡವರಿಗೆ ತಿಳಿದದ್ದು ಅವನು ಸತ್ತ ಮೇಲೆ. ಧರ್ಮರಾಯನನ್ನು ತಿನ್ನುತ್ತಿರುವ ಪಾಪಗಳಲ್ಲಿ ಎಲ್ಲಕ್ಕಿಂತ ಭಾರವಾದದ್ದು ಅದು. ಹಾಗಿರುವಾಗ ಆ ಸಭೆಯಲ್ಲಿ ಕೂತಿರುವ ಹುಡುಗ ಯಾಗದ ಸಹಾಯಕ ಮಾತ್ರನಲ್ಲ, ಯಾಗಕ್ಕೆ ಕಾರಣವಾದ ಅಪರಾಧದ ಜೀವಂತ ಸಾಕ್ಷಿ. ಹಿರಿಯಣ್ಣನ ಮಗನೆಂಬ ಲೆಕ್ಕ ಹಿಡಿದರೆ ಸಿಂಹಾಸನದ ಮೇಲೂ ಅವನಿಗೊಂದು ಮಾತಿದೆ. ಭೀಮ ಹಿಂಜರಿಯುತ್ತಾನೆ, ನಿನ್ನ ತಂದೆಯನ್ನು ಕೊಂದ ನಾವು ನಿನ್ನ ಮುಖ ನೋಡುವುದು ಹೇಗೆ ಎಂಬ ಸಂಕೋಚ ಅವನದು. ಹುಡುಗ ಅದನ್ನು ತಾನೇ ಮುಂದಾಗಿ ನೀಗಿಸುತ್ತಾನೆ. ತಂದೆ ನಡೆದ ದಾರಿಯಲ್ಲಿ ತಪ್ಪಿತ್ತೆಂದು ಒಪ್ಪಿಯೂ ತಂದೆಯ ಹೆಸರನ್ನು ಬಿಡುವುದಿಲ್ಲ, ಕೊಂದವರ ಮನೆಯಲ್ಲಿ ನಿಂತೂ ಆಶ್ರಿತನಂತೆ ಬಾಗುವುದಿಲ್ಲ. ಪಂಪನಿಂದ ಕುಮಾರವ್ಯಾಸನವರೆಗೆ ಕನ್ನಡ ಕವಿಗಳು ಕರ್ಣನಿಗಾಗಿ ಎಷ್ಟು ಮರುಗಿದ್ದಾರೆಂಬುದನ್ನು ಓದುಗರು ಬಲ್ಲರು. ಆ ಮರುಕವೆಲ್ಲ ಮುಗಿದ ಮಾರನೆಯ ದಿನ ಕರ್ಣನ ಮನೆಯವರು ಹೇಗೆ ಬದುಕಬೇಕೆಂದು ಕೇಳಿದವನು ಲಕ್ಷ್ಮೀಶ ಒಬ್ಬನೇ.

ಭದ್ರಾವತಿಯ ಕಾಳಗದಲ್ಲಿ ಇದಕ್ಕೆ ಉತ್ತರವಿದೆ. ಘಟೋತ್ಕಚನ ಮಗ ಮೇಘನಾದ ಮಾಯೆಯಿಂದ ಕುದುರೆಯನ್ನು ಆಕಾಶಕ್ಕೆ ಎತ್ತುತ್ತಾನೆ. ಅಪ್ಪನ ವಿದ್ಯೆ ಮಗನಿಗೆ ಬಂದಿರುವ ಸರಳ ಪ್ರಸಂಗ ಅದು, ಅಲ್ಲಿ ಹೆಚ್ಚು ನಿಲ್ಲಬೇಕಾಗಿಲ್ಲ. ವೃಷಕೇತುವಿನ ಪಾಲಿಗೆ ಬಂದವನು ಯೌವನಾಶ್ವ. ಬಾಣಗಳ ವ್ಯವಹಾರ ಎಲ್ಲ ಕಾವ್ಯಗಳಲ್ಲಿ ಇರುವಂಥದೇ. ಇಲ್ಲಿ ಗಮನಿಸಬೇಕಾದದ್ದು ಅದಾದ ಮೇಲಿನದು. ರಾಜ ಮೂರ್ಛೆ ಹೋಗಿ ಬೀಳುತ್ತಾನೆ, ಗೆದ್ದ ಹುಡುಗ ಅವನ ಬಳಿ ಹೋಗಿ ಬಟ್ಟೆಯ ಸೆರಗಿನಿಂದ ಗಾಳಿ ಬೀಸುತ್ತಾನೆ, ಅವನು ಏಳಲೆಂದು ಹಾರೈಸುತ್ತಾನೆ. ಕವಚ ಕುಂಡಲಗಳನ್ನು ಕೇಳಿದವನಿಗೆ ಕತ್ತರಿಸಿ ಕೊಟ್ಟವನ ಮಗ ಕೇಳದವನಿಗೆ ಉಸಿರು ಕೊಡುತ್ತಾನೆ. ಎಚ್ಚೆತ್ತ ರಾಜ ಬಿಲ್ಲು ಹಿಡಿಯದೆ ಸ್ನೇಹಕ್ಕೆ ಕೈಚಾಚುತ್ತಾನೆ, ಕುದುರೆ ಹಸ್ತಿನಾವತಿಗೆ ಬರುತ್ತದೆ. ಕರ್ಣನ ದಾನಗುಣ ಕರ್ಣನನ್ನು ಕೊಂದಿತು. ಅದೇ ಗುಣ ಮಗನ ಕೈಯಲ್ಲಿ ಯುದ್ಧವನ್ನು ನಿಲ್ಲಿಸಿತು. ಪರಂಪರೆಯನ್ನು ಪಡೆಯುವುದಕ್ಕೂ ಪರಂಪರೆಯನ್ನು ತಿದ್ದುವುದಕ್ಕೂ ಒಟ್ಟಿಗೇ ಸಲ್ಲುವ ಇಂಥ ಇನ್ನೊಂದು ನಿದರ್ಶನ ಗದುಗಿನ ಭಾರತದಲ್ಲಿ ಸಿಗುವುದಿಲ್ಲ ಎಂದರೆ ಕುಮಾರವ್ಯಾಸನ ಭಕ್ತರು ಮುನಿಯಬಹುದು, ಮುನಿಯಲಿ.

ಈ ಪಾತ್ರದ ತೂಕವನ್ನು ಪುಸ್ತಕದ ವಿಮರ್ಶೆ ಕಾಣದಿದ್ದರೂ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಸೀಮೆಯ ಆಟದ ಅಟ್ಟಕ್ಕೆ ಅದನ್ನು ಕಾಣಿಸುವ ಸಾಧನವಿದೆ. ಕರಾವಳಿಯ ಯಕ್ಷಗಾನಕ್ಕೆ ಪಡುವಲಪಾಯವೆಂದೂ ಬಯಲುಸೀಮೆಯದಕ್ಕೆ ಮೂಡಲಪಾಯವೆಂದೂ ಹೆಸರು; ಈ ಎರಡನೆಯದನ್ನು ವಿದ್ವಾಂಸರ ಗಮನಕ್ಕೆ ತಂದವರಲ್ಲಿ ಜೀ.ಶಂ. ಪರಮಶಿವಯ್ಯನವರು ಮೊದಲಿಗರು. ಭಾಗವತರ ಹಾಡು, ಮದ್ದಳೆ, ಮುಖವೀಣೆ, ಹೆಗಲ ಮೇಲೆ ರೆಕ್ಕೆಯಂತೆ ಎದ್ದು ನಿಲ್ಲುವ ಭುಜಕೀರ್ತಿ, ನಗಿಸುವ ಕೋಡಂಗಿ, ಇವೆಲ್ಲ ಅದರ ಅಂಗಗಳು. ಇಲ್ಲಿನ ವಾದಕ್ಕೆ ಬೇಕಾದದ್ದು ಸಾರಥಿಯೆಂಬ ಪಾತ್ರ. ತೆರೆಯ ಮರೆಯಿಂದ ವೇಷ ಹೊರಬಂದು ಕುಣಿದ ಮೇಲೆ ಸಾರಥಿ ಅದನ್ನು ತಡೆದು, ನೀವು ಯಾರು, ಯಾವ ದೇಶದವರು, ಯಾರ ವಂಶದವರು ಎಂದು ವಿಚಾರಿಸುತ್ತಾನೆ. ಪಾತ್ರಧಾರಿ ತನ್ನ ಕುಲಗೋತ್ರವನ್ನೆಲ್ಲ ಸಭೆಗೆ ಕೇಳುವಂತೆ ಹೇಳಬೇಕು. ಅರ್ಜುನನಿಗೋ ಭೀಮನಿಗೋ ಇದು ಬಿರುದು ಹೇಳಿಕೊಳ್ಳುವ ಸಂದರ್ಭ. ವೃಷಕೇತುವಿಗೆ ಹಾಗಲ್ಲ. ಪಾಂಡವರ ಪಾಳೆಯದಲ್ಲಿ ನಿಂತು, ಪಕ್ಕದಲ್ಲೇ ಅರ್ಜುನನ ವೇಷವಿರುವಾಗ, ಕರ್ಣನ ಮಗ ಎಂದು ಉಚ್ಚರಿಸುವ ಹೊತ್ತಿಗೆ ಆ ಪ್ರಶ್ನೋತ್ತರ ಬರಿಯ ಶಿಷ್ಟಾಚಾರವಾಗಿ ಉಳಿಯುವುದಿಲ್ಲ. ಲಕ್ಷ್ಮೀಶ ಸಂಧಿಗಟ್ಟಲೆ ಬಿಡಿಸಿದ ಸಂಕಟವನ್ನು ಬಯಲಾಟ ಒಂದು ಪ್ರಶ್ನೆಯಲ್ಲಿ ಹಿಡಿಯಬಲ್ಲದು.

ಕಾಮಿಕ್ಸ್‌ನಲ್ಲಿ ಇದಕ್ಕೆ ಸಮನಾದ ಗಳಿಗೆಯೊಂದಿದೆ. ಮಾರ್ವೆಲ್ ಸಂಸ್ಥೆ 2014ರಲ್ಲಿ ‘ಮಿಸ್ ಮಾರ್ವೆಲ್’ ಎಂಬ ಹಳೆಯ ಹೆಸರನ್ನು ನ್ಯೂಜೆರ್ಸಿಯ ಪಾಕಿಸ್ತಾನಿ ಮೂಲದ ಹದಿನಾರರ ಹುಡುಗಿ ಕಮಲಾ ಖಾನಳಿಗೆ ಕೊಟ್ಟಿತು, ಜಿ. ವಿಲ್ಲೋ ವಿಲ್ಸನ್ ಬರೆದು ಏಡ್ರಿಯನ್ ಅಲ್ಫೋನಾ ಚಿತ್ರಿಸಿದ ಮೊದಲ ಸಂಪುಟಕ್ಕೆ 2015ರ ಹ್ಯೂಗೋ ಪ್ರಶಸ್ತಿ ಬಂತು. ಆಕಾರ ಬದಲಿಸುವ ಶಕ್ತಿ ಬಂದ ಕೂಡಲೇ ಆ ಹುಡುಗಿ ಮಾಡುವ ಮೊದಲ ಕೆಲಸ ತಾನು ಆರಾಧಿಸುವ, ಹಿಂದೆ ಆ ಹೆಸರು ಹೊತ್ತಿದ್ದ ಕ್ಯಾರಲ್ ಡ್ಯಾನ್ವರ್ಸ್‌ಳ ಹೊಂಬಣ್ಣದ ಕೂದಲನ್ನೂ ಬಿಳಿಯ ಮುಖವನ್ನೂ ಧರಿಸುವುದು. ಆ ವೇಷ ತನ್ನದಲ್ಲವೆಂದು ಅರಿತು ಅದನ್ನು ಕಳಚಿ, ಹೆಸರನ್ನು ಮಾತ್ರ ಇಟ್ಟುಕೊಂಡು, ತನ್ನ ಮುಖದಲ್ಲೇ ಬೀದಿಗಿಳಿಯುವುದು ಆಮೇಲಿನ ಕತೆ. 2011ರಲ್ಲಿ ಬಂದ ಮೈಲ್ಸ್ ಮೊರಾಲಿಸ್‌ನದು ಇನ್ನೂ ಹತ್ತಿರದ ಹೋಲಿಕೆ: ಪೀಟರ್ ಪಾರ್ಕರ್ ಸತ್ತ ಮೇಲೆ ಸ್ಪೈಡರ್‌ಮ್ಯಾನ್ ಆಗುವ ಆ ಹುಡುಗನನ್ನು, ತನ್ನಲ್ಲಿ ಶಕ್ತಿಯಿದ್ದೂ ಸಕಾಲಕ್ಕೆ ನೆರವಾಗಲಿಲ್ಲವೆಂಬ ಕೊರಗು ಹಿಂಬಾಲಿಸುತ್ತದೆ. ಇವೆರಡನ್ನೂ ಮಾರಾಟದ ತಂತ್ರವೆಂದು ತಳ್ಳಿಹಾಕಿದವರು ಕಾಮಿಕ್ಸ್ ಉದ್ಯಮವೇ ಒಂದು ಮಾರಾಟವೆಂಬುದನ್ನು ಮರೆತರು. ನಮ್ಮಲ್ಲೆಲ್ಲ ಇದು ಮೊದಲೇ ಇತ್ತು ಎಂದು ಬೀಗುವುದು ಇಲ್ಲಿನ ಉದ್ದೇಶವಲ್ಲ, ಆ ಬಗೆಯ ಬೀಗುವಿಕೆ ವಿಮರ್ಶೆಗೆ ಹಿಡಿದ ಗೆದ್ದಲು. ಆದರೆ ಸತ್ತವನ ಹೆಸರನ್ನು ಹೊರುವ ಎಳೆಯರ ಕತೆ ಎರಡನೆಯ ದರ್ಜೆಯದೆಂಬ ತೀರ್ಪು ದೇವನೂರಿನ ಕವಿಯ ವಿಷಯದಲ್ಲಿ ಎಷ್ಟು ಸೋಮಾರಿಯೋ ನ್ಯೂಯಾರ್ಕಿನ ಪ್ರಕಾಶಕರ ವಿಷಯದಲ್ಲೂ ಅಷ್ಟೇ ಸೋಮಾರಿ.

ಹಾಗಾದರೆ ಜನ ಆರಿಸಿಕೊಂಡ ಎಳೆಯ ವೀರ ಯಾರು? ಬಬ್ರುವಾಹನ. ಮಣಲೂರಿನಲ್ಲಿ ಕಾಣಿಕೆ ಹಿಡಿದು ತಂದೆಯ ಕಾಲಿಗೆ ಬಿದ್ದವನನ್ನು ಅರ್ಜುನ ಒದ್ದು, ತಾಯಿಯ ಶೀಲವನ್ನೂ ಎಳೆದು ಹೀಯಾಳಿಸಿದಾಗ, ಮಗ ಬಿಲ್ಲೆತ್ತಿ ತಂದೆಯ ತಲೆಯನ್ನೇ ಕೆಡವುತ್ತಾನೆ. ಬಯಲಾಟಗಳಲ್ಲಿ ‘ಬಬ್ರುವಾಹನ ಕಾಳಗ’ಕ್ಕೆ ಇರುವ ಬೇಡಿಕೆ ಎಲ್ಲರಿಗೂ ಗೊತ್ತು, ಮೂರು ಕಡೆ ಆಂಧ್ರದ ಗಡಿ ಸುತ್ತಿರುವ ಪಾವಗಡದ ಪ್ರೇಕ್ಷಕನಿಗೆ 1964ರ ತೆಲುಗು ಚಿತ್ರವೂ 1977ರಲ್ಲಿ ಹುಣಸೂರು ಕೃಷ್ಣಮೂರ್ತಿಯವರು ನಿರ್ದೇಶಿಸಿದ ಕನ್ನಡ ಚಿತ್ರವೂ ಸಿಕ್ಕವು. ಕನ್ನಡದ್ದರಲ್ಲಿ ಅರ್ಜುನನೂ ರಾಜ್‌ಕುಮಾರ್, ಬಬ್ರುವಾಹನನೂ ರಾಜ್‌ಕುಮಾರ್. ನಟನೆಯ ದೃಷ್ಟಿಯಿಂದ ಅದು ಮಹಾಸಾಹಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇವನು ನನ್ನ ಮಗನಲ್ಲ ಎಂದು ಅರ್ಜುನ ಕೂಗುವಾಗ ಎದುರಿಗಿರುವ ಮುಖ ಅವನದೇ ಆಗಿರುವುದರಿಂದ, ಮೂಲದಲ್ಲಿ ಉರಿಯುವ ಪ್ರಶ್ನೆ ಪರದೆಯ ಮೇಲೆ ಮೊದಲೇ ಆರಿಹೋಗಿರುತ್ತದೆ. ವಾರಸುದಾರಿಕೆಯನ್ನು ಮುಖದಲ್ಲೇ ಹೊತ್ತು ಬಂದವನಿಗೆ ಅದನ್ನು ಗಳಿಸಿಕೊಳ್ಳುವ ಕೆಲಸವಿಲ್ಲ.

ಬಬ್ರುವಾಹನನನ್ನು ಹೀನಾಯಗೊಳಿಸಬೇಕಾಗಿಲ್ಲ, ಅವನ ಅವಮಾನ ನಿಜ, ಅವನ ಕೋಪ ನ್ಯಾಯದ್ದು. ಆದರೂ ಅವನು ಬೇಡುವುದು ಒಪ್ಪಿಗೆಯ ಮುದ್ರೆ, ಮುದ್ರೆ ಸಿಗದಿದ್ದಾಗ ಯುದ್ಧ. ವೃಷಕೇತು ಯಾರಿಂದಲೂ ಮುದ್ರೆ ಬೇಡದವನು. ಲಕ್ಷ್ಮೀಶ ಈ ಇಬ್ಬರನ್ನೂ ಒಂದೇ ರಣರಂಗದಲ್ಲಿ ಎದುರುಬದುರು ನಿಲ್ಲಿಸಿ, ಅರ್ಜುನನಿಗಿಂತ ಮೊದಲು ವೃಷಕೇತುವಿನ ತಲೆ ಬೀಳುವಂತೆ ಮಾಡಿದ್ದಾನೆ. ಅಪ್ಪನನ್ನು ಕೊಂದವನ ರಕ್ಷಣೆಗೆ ನಿಂತ ಮಗ, ಅಪ್ಪನಿಂದ ಒದೆಸಿಕೊಂಡ ಮಗನ ಕೈಯಲ್ಲಿ ಸಾಯುತ್ತಾನೆ. ಆಮೇಲೆ ಅರ್ಜುನನ ನಾಗಪತ್ನಿ ಉಲೂಪಿ, ಪಾತಾಳ, ಸಂಜೀವಕ ಮಣಿ, ಕೃಷ್ಣನ ಆಗಮನ, ಎಲ್ಲರೂ ಮತ್ತೆ ಬದುಕುತ್ತಾರೆ. ಆಟದವರು ಮಣಿಯನ್ನೂ ನಾಗಲೋಕವನ್ನೂ ಬಹಳ ಮುತುವರ್ಜಿಯಿಂದ ತೋರಿಸುತ್ತಾರೆ. ಆ ಇಬ್ಬರು ಹುಡುಗರ ಕಾಳಗವನ್ನು ಮಾತ್ರ ಬೇಗ ಮುಗಿಸುತ್ತಾರೆ. ಇದೇ ಸ್ಥಳದಲ್ಲಿ ಕವಿ ಕುಶಲವರು ರಾಮನ ಸೇನೆಯನ್ನು ಎದುರಿಸಿದ ಕತೆಯನ್ನು ಸೇರಿಸಿರುವುದು ಕಾಕತಾಳೀಯವಲ್ಲ. ಕಾದ ಎಣ್ಣೆಯ ಕೊಪ್ಪರಿಗೆಯಿಂದ ಎದ್ದು ಬರುವ ಸುಧನ್ವ, ಕೃಷ್ಣಾರ್ಜುನರನ್ನೇ ಹಣ್ಣುಮಾಡುವ ತಾಮ್ರಧ್ವಜ, ಇವರೆಲ್ಲ ತಂದೆಯ ಆಜ್ಞೆಗೆ ತಲೆಗೊಟ್ಟ ಮಕ್ಕಳೇ. ಕಾವ್ಯಕ್ಕೆ ಏಕತೆಯಿಲ್ಲವೆಂದು ದೂರಿದವರ ಕಣ್ಣಿಗೆ ಇಷ್ಟು ದೊಡ್ಡ ಎಳೆ ಬೀಳದಿದ್ದದ್ದು ಸೋಜಿಗ.

ಕವಿಯೂ ಅದೇ ಸ್ಥಿತಿಯವನು. ಗದುಗಿನ ಭಾರತ ಮುಗಿದ ಮೇಲೆ ಭಾರತ ಬರೆಯಹೊರಟವನಿಗೆ ಕುಮಾರವ್ಯಾಸನ ಭಾಮಿನಿ ಷಟ್ಪದಿ, ಎಂದರೆ ಮೂರು ನಾಲ್ಕು ಮಾತ್ರೆಗಳ ಗಣಗಳು ಒಂದಾದಮೇಲೊಂದು ಬರುವ ಆರು ಸಾಲಿನ ಪದ್ಯ, ಸಿದ್ಧ ಅಂಗಿಯಾಗಿ ಕಾದಿತ್ತು. ಲಕ್ಷ್ಮೀಶ ಅದನ್ನು ತೊಡದೆ, ರಾಘವಾಂಕನು ಹರಿಶ್ಚಂದ್ರನ ಕತೆಗೆ ಬಳಸಿದ ವಾರ್ಧಕ ಷಟ್ಪದಿಗೆ, ಐದೈದು ಮಾತ್ರೆಗಳ ನಿಡಿದಾದ ನಡೆಗೆ ಹೋದ. ಅದು ಓದುವವರ ಬಾಯಿಗೆ ಎಷ್ಟು ಒಗ್ಗಿತೆಂದರೆ ಕೂಲಿಮಠಗಳ ಹುಡುಗರು ಅದನ್ನು ಕಂಠಪಾಠ ಮಾಡಿದರು, ವೆಸ್ಲಿಯನ್ ಪಾದ್ರಿ ಡೇನಿಯಲ್ ಸ್ಯಾಂಡರ್‌ಸನ್ 1852ರಲ್ಲಿ ಬೆಂಗಳೂರಿನಲ್ಲಿ ಅದನ್ನು ಇಂಗ್ಲಿಷ್ ಅನುವಾದದೊಡನೆ ಅಚ್ಚುಹಾಕಿಸಿದ. ಇಷ್ಟು ಜನ ಓದಿದ್ದೇ ಅವನ ಅಪರಾಧವಾಯಿತೇನೋ. ಜನಪ್ರಿಯತೆಯನ್ನು ಅನುಮಾನದಿಂದ ನೋಡುವ ಚಾಳಿ ನಮ್ಮ ವಿದ್ವತ್ತಿಗೆ ಹೊಸದಲ್ಲ.

ಇದು ಕೊನೆಗೆ ಅಭಿರುಚಿಯ ಜಗಳ. ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಇಂದಿಗೂ ‘ಕುರುಕ್ಷೇತ್ರ’ ನಾಟಕವೇ ನಾಟಕ: ಹಾರ್ಮೋನಿಯಂ ಹಿಡಿದ ಡ್ರಾಮಾ ಮೇಷ್ಟ್ರು ತಿಂಗಳುಗಟ್ಟಲೆ ಪದ್ಯ ತಿದ್ದುತ್ತಾರೆ, ಸೀನರಿ ಬಾಡಿಗೆಗೆ ಬರುತ್ತದೆ, ಪಾತ್ರಧಾರಿಗಳೇ ದುಡ್ಡು ಹಾಕುತ್ತಾರೆ, ದುರ್ಯೋಧನನ ಪಾತ್ರಕ್ಕೋ ಕರ್ಣನ ಪಾತ್ರಕ್ಕೋ ಹೆಚ್ಚಿಗೆ ಕೊಡಲು ತಯಾರಿರುವ ನಡುವಯಸ್ಸಿನವರಿಗೆ ಬರವಿಲ್ಲ. ಈ ಉತ್ಸಾಹವನ್ನು ಹಳಿಯುವವರು ಹಳ್ಳಿಯನ್ನು ಅರಿಯದವರು. ಆದರೆ ಆ ನಾಟಕ ಹಿರಿಯರ ಪತನಕ್ಕೆ ಮುಗಿಯುತ್ತದೆ, ಮಕ್ಕಳಲ್ಲಿ ಅಭಿಮನ್ಯುವಿಗೆ ಮಾತ್ರ ಅದರಲ್ಲಿ ಜಾಗ, ಅದೂ ಸಾಯುವುದಕ್ಕೆ. ಅತ್ತ ವಿದ್ವತ್ತಿನ ಲೋಕ ಹೊಸ ಕವಿಯನ್ನು ಹಳೆಯವನ ಹೆಸರಿಟ್ಟಲ್ಲದೆ ಗುರುತಿಸಲಾರದು. ನಾಗಚಂದ್ರ ತನ್ನನ್ನು ಅಭಿನವ ಪಂಪನೆಂದು ಕರೆದುಕೊಂಡ, ಬಸವಪ್ಪ ಶಾಸ್ತ್ರಿಗಳು ಅಭಿನವ ಕಾಳಿದಾಸರಾದರು. ಚಿತ್ರರಂಗದಲ್ಲಿ ಬಿರುದುಗಳು ತಂದೆಯಿಂದ ಮಗನಿಗೆ ಆಸ್ತಿಯಂತೆ ಇಳಿಯುತ್ತವೆ, ಅಭಿಮಾನಿಗಳು ಅದನ್ನು ಪ್ರಶ್ನಿಸುವುದಿರಲಿ, ಸಂಭ್ರಮಿಸುತ್ತಾರೆ. ಹೆಸರು ಸಿಕ್ಕವರನ್ನು ಮೆರೆಸಿ ಹೆಸರಿನ ಭಾರ ಹೊತ್ತವರನ್ನು ಮರೆಯುವ ಈ ಅಭಿರುಚಿಗೆ ಕಾಳಗದ ಗದ್ದಲದ ಬಬ್ರುವಾಹನ ಸಾಕು, ಗಾಳಿ ಬೀಸುವ ವೃಷಕೇತು ಬೇಡ. ಕಾರ್ಕಳದ ಅನಂತ ಪೈ 1967ರಲ್ಲಿ ಆರಂಭಿಸಿದ ‘ಅಮರ ಚಿತ್ರ ಕಥಾ’ ಮಾಲೆಯಲ್ಲಿ ಕರ್ಣನಿಗೆ ಒಂದು ಸಂಚಿಕೆ ಸಂದದ್ದು ಸಹಜ. ಮಗನ ಕತೆ ಚಿತ್ರಕತೆಗೆ ಅದಕ್ಕಿಂತ ಹೇಳಿಮಾಡಿಸಿದ್ದು.

ಪದವಿ ತರಗತಿಗಳಿಗೆ ಭಾಗ ಆರಿಸುವ ಪಠ್ಯ ಸಮಿತಿಗಳು ಸೀತಾ ಪರಿತ್ಯಾಗಕ್ಕೂ ಚಂದ್ರಹಾಸನ ಕತೆಗೂ ಸದಾ ಮೊರೆಹೋಗುವುದನ್ನು ಬಿಟ್ಟು ಒಂದು ಸಲ ಭದ್ರಾವತಿಯ ಸಂಧಿಗಳನ್ನು ಇಡಲಿ. ಸಿರಾ, ಪಾವಗಡ ಕಡೆಯ ಭಾಗವತರು ಬಬ್ರುವಾಹನ ಕಾಳಗ ಆಡಿಸುವಾಗ ಹೊತ್ತಾಯಿತೆಂದು ವೃಷಕೇತುವಿನ ಪ್ರವೇಶವನ್ನು ಮೊಟಕು ಮಾಡದೆ, ಸಾರಥಿಯ ಪ್ರಶ್ನೆಗಳನ್ನೆಲ್ಲ ಅವನಿಗೂ ಕೇಳಿಸಲಿ.