ಕುಣಿಮಗ್ಗದ ಸೈರಣೆ

ಎಲೆಕ್ಟ್ರಾನಿಕ್ ಸಿಟಿಯ ಫ್ಲೈಓವರ್ ಇಳಿದು ಚಂದಾಪುರದಲ್ಲಿ ಬಲಕ್ಕೆ ಹೊರಳಿದರೆ ಆನೇಕಲ್ ರಸ್ತೆ. ಆನೇಕಲ್ ರೇಷ್ಮೆ ಸೀರೆಗೆ ಹೆಸರಾದ ಊರು. ಈಗ ವಿದ್ಯುತ್ ಮಗ್ಗದ ಸದ್ದೇ ಜೋರು. ನನ್ನ ಮೆಚ್ಚುಗೆ ಮಾತ್ರ ಮನೆಯೊಳಗಿನ ಕುಣಿಮಗ್ಗಕ್ಕೆ.

ನೆಲದಲ್ಲಿ ತೋಡಿದ ಕುಣಿಗೆ ಕಾಲು ಇಳಿಬಿಟ್ಟು ಕೂತು, ಕಾಲಡಿಯ ಹಲಗೆ ತುಳಿದರೆ ಹಾಸಿನ ಎಳೆಗಳು ಎರಡಾಗಿ ಬಾಯಿ ಬಿಡುತ್ತವೆ. ಆ ಸಂದಿಯಲ್ಲಿ ಲಾಳಿ ಸರ್ರನೆ ಹಾಯುತ್ತದೆ, ಹಣಿಗೆ ಬಡಿದು ಹೊಕ್ಕನ್ನು ಕೂಡಿಸುತ್ತದೆ. ಕುಣಿಯ ತಂಪಿಗೆ ನೂಲು ಒಣಗಿ ತುಂಡಾಗುವುದೂ ಕಡಿಮೆ. ನನಗೆ ಹೆಚ್ಚು ಹಿಡಿಸುವುದು ಅದರ ಸೈರಣೆ. ಒಲೆಯ ಮೇಲೆ ಹಾಲು ಉಕ್ಕಿತೆಂದು ಎದ್ದು ಹೋದರೂ ಬಂದು ಕೂತಾಗ ಬಿಟ್ಟ ಎಳೆಯಿಂದಲೇ ನೇಯಬಹುದು. ಐಟಿಯವರು 2020ರಲ್ಲಿ ಕಲಿತ ‘ವರ್ಕ್ ಫ್ರಂ ಹೋಮ್’ ಇಲ್ಲಿ ಅಜ್ಜಿಯರ ಕಾಲದ್ದು!

ಮಹಾಲಯ ಅಮಾವಾಸ್ಯೆ ಕಳೆದರೆ ಫಜೀತಿ ಶುರು. ದಸರಾ, ದೀಪಾವಳಿಯ ಸೀರೆಗೆ ಅವಸರ. ಅದೇ ಹೊತ್ತಿಗೆ ಮನೆಯ ಧೂಳು ಹೊಡೆಯಬೇಕು, ಹಿತ್ತಿಲಿನ ಅವರೆ ಬಳ್ಳಿಗೆ ಚಪ್ಪರ ಕಟ್ಟಬೇಕು. ಇದರ ನಡುವೆಯೇ ರಾಟೆ ತಿರುಗಿಸಿ ಕಂಡಿಕೆ (ಲಾಳಿಯೊಳಗೆ ಕೂರುವ ನೂಲಿನ ಸುರುಳಿ) ಸುತ್ತುವುದು ಹೆಚ್ಚಾಗಿ ಹೆಂಗಸರು. 2019-20ರ ಕೈಮಗ್ಗ ಗಣತಿಯಲ್ಲಿ ದೇಶದ ಕೈಮಗ್ಗ ಕೆಲಸಗಾರರ ಪೈಕಿ ಶೇ 70ಕ್ಕೂ ಹೆಚ್ಚು ಮಹಿಳೆಯರೇ. ಅಂಗಡಿಯಲ್ಲಿ ಜರಿಯ ತೂಕ ಕೇಳುವ ನಾವು ಕಂಡಿಕೆ ಸುತ್ತಿದವರ ಕೂಲಿ ಎಷ್ಟೆಂದು ಕೇಳುವುದಿಲ್ಲ.